ಮಾವನ ಎಡೆಗೆ ಬಂದ ಜುಟ್ಟಿನ ಹಕ್ಕಿ

ಪುಟ್ಟೀ, ಬಾಬೂ, ಮೊನ್ನೆ ಟಿವಿಯಲ್ಲಿ ಹಮ್ಮಿಂಗ್ ಬರ್ಡ್ ನೋಡುತ್ತಾ, ಮಸ್ಕತ್ತಿನಲ್ಲಿದ್ದಾಗ ನೀನೂ ಇದಕ್ಕೆ ಸಕ್ಕರೆ ನೀರು ಕೊಡುತ್ತಿದ್ದೆಯಾ ಅಜ್ಜಿ ಎಂದು ಕೇಳಿದಿರಿ. ನಾನು ಹಾಲು ಉಕ್ಕುತ್ತದೆ ಎಂದು ಒಳಗೆ ಹೋದೆ. ಹಾಲು ಉಕ್ಕುತ್ತಿರಲಿಲ್ಲ. ನಾಲ್ಕು ಜನ ಮುಖ ನೋಡಿದರೆ ನನ್ನ ನಾಲಿಗೆ ಒಳಗೆ ಸರಿಯುತ್ತದೆ, ನೀವು ಇಬ್ಬರೇ ಆದರೂ ಅಷ್ಟೆ. ಬರೆಯುವುದಾದರೆ ತೊಂದರೆಯಿಲ್ಲ, ಹಾಳೆ ತಿರುಗಿ ನೋಡುವುದಿಲ್ಲ.

ಆ ಹಕ್ಕಿ ಅಲ್ಲಿರಲಿಲ್ಲ. ದಾಸವಾಳಕ್ಕೆ ಸೂರಕ್ಕಿ ಬರುತ್ತಿತ್ತು, ಅದು ತನ್ನ ಊಟ ತಾನೇ ನೋಡಿಕೊಳ್ಳುತ್ತಿತ್ತು. ನನ್ನ ಉಪಚಾರವೆಲ್ಲ ದೂರದಿಂದ ಬರುವವರಿಗೆ. ನವರಾತ್ರಿಗೆ ಸ್ವಲ್ಪ ಮುಂಚೆ, ಸೆಖೆ ಒಂದಿಷ್ಟು ತಗ್ಗುವ ಹೊತ್ತಿಗೆ, ಉತ್ತರದ ಚಳಿ ದೇಶಗಳಿಂದ ಹೊರಟ ಹಕ್ಕಿಗಳು ಮಸ್ಕತ್ತಿನ ಅಲ್ ಹೈಲ್‌ನ ನಮ್ಮ ಬಾಡಿಗೆ ಮನೆಯ ಅಂಗಳದಲ್ಲಿ ಇಳಿಯುತ್ತಿದ್ದವು. ಒಂದು ಬೇವಿನ ಮರ, ನಾಲ್ಕು ದಾಸವಾಳ, ನನ್ನ ಬಸಳೆ ಚಪ್ಪರ, ಅಷ್ಟೇ ಅಂಗಳ. ಆದರೆ ಮರಳು ದಾಟಿ ಬಂದವರಿಗೆ ಅದೇ ಸ್ವರ್ಗ. ಹಳೆಯ ಬಾಣಲೆಗೆ ಪೈಪಿನಿಂದ ಹನಿ ಹನಿ ನೀರು ಬಿಡುತ್ತಿದ್ದೆ. ಅನ್ನದ ಅಗುಳು, ಪಪ್ಪಾಯಿ ಸಿಪ್ಪೆ ಹಾಕುತ್ತಿದ್ದೆ. ಅಲ್ಲಿ ನಮ್ಮನ್ನು ಕೆಲಸಕ್ಕೆ ಕರೆಸಿಕೊಂಡ ಧಣಿಯನ್ನು ಕಫೀಲ್ ಎನ್ನುತ್ತಾರೆ. ನಿಮ್ಮ ಅಜ್ಜ ಕಿಟಕಿಯಿಂದ ನೋಡಿ, "ವೀಸಾ ಇಲ್ಲ, ಕಫೀಲ್ ಇಲ್ಲ, ಊಟ ಮಾತ್ರ ಪುಕ್ಕಟೆ ಬೇಕು. ನಾನೂ ಹಕ್ಕಿಯಾಗಿ ಬರ್ಬೇಕಿತ್ತು ಮಾರಾಯ್ತಿ" ಎನ್ನುತ್ತಿದ್ದರು.

ನಿಮ್ಮ ಅಮ್ಮ ಎರಡನೇ ಕ್ಲಾಸಿನಲ್ಲಿದ್ದ ವರ್ಷ ನನ್ನ ಅತ್ತೆ ವಿಸಿಟ್ ವೀಸಾದಲ್ಲಿ ಉಡುಪಿಯಿಂದ ಬಂದರು. ಪಿತೃಪಕ್ಷ ಬಂತು. ಮಾವನ ತಿಥಿ ಶುಕ್ರವಾರವೇ ಬಿತ್ತು, ಆಫೀಸಿಗೆ ರಜೆ. ಪುರೋಹಿತರಿಲ್ಲ. ನಿಮ್ಮ ಅಜ್ಜ ಪಂಚೆ ಉಟ್ಟು ತಮಗೆ ನೆನಪಿದ್ದಷ್ಟು ಮಂತ್ರ ಹೇಳಿ, ಉಳಿದ ಕಡೆ ಕೆಮ್ಮಿ, ತರ್ಪಣ ಮುಗಿಸಿದರು. ನಾನು ರೂವಿ ಪೇಟೆಯ ಅಂಗಡಿಯಿಂದ ತಂದ ಬಾಳೆಲೆಯಲ್ಲಿ ಅನ್ನ, ವಡೆ, ಪಾಯಸ ಬಡಿಸಿ ಬೇವಿನ ಬುಡದಲ್ಲಿಟ್ಟೆ. ಇನ್ನು ಕಾಗೆ ಬಂದು ಮುಟ್ಟಬೇಕು. ಅದು ಮುಟ್ಟಿದರೆ ಮಾವ ಉಂಡ ಹಾಗೆ. ಆಮೇಲೆಯೇ ಅತ್ತೆಯ ಊಟ.

ಕಾಗೆ ಬರಲಿಲ್ಲ.

ಆ ಊರಲ್ಲಿ ಕಾಗೆಗಳಿಗೇನೂ ಬರವಿರಲಿಲ್ಲ. ಆದರೆ ಅವೆಲ್ಲ ಸಮುದ್ರದ ದಡದಲ್ಲಿ, ಮೀನು ಒಣಗಿಸುವಲ್ಲಿ. ನಿಮ್ಮ ಅಜ್ಜ ನನ್ನ ಕಿವಿಯಲ್ಲಿ, "ಬೂತಾಯಿ ಮೀನು ಬಿಟ್ಟು ನಿನ್ನ ಸಪ್ಪೆ ವಡೆಗೆ ಯಾರು ಬರ್ತಾರೆ? ಅಪ್ಪನೂ ಅಲ್ಲೇ ಕೂತಿರ್ಬೇಕು" ಎಂದರು.

"ಎಂತ ಹೇಳಿದೆ?" ಎಂದರು ಅತ್ತೆ. ಅವರ ಕಿವಿ ಬೇಡದ್ದಕ್ಕೆ ಚುರುಕು.

"ಏನಿಲ್ಲಮ್ಮ. ಅಪ್ಪ ದಾರಿಯಲ್ಲಿದ್ದಾರೆ ಅಂದೆ."

ನಗು ಅಲ್ಲಿಗೇ ನಿಂತಿತು. ಅತ್ತೆ ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ್ದರು, ಹೊಟ್ಟೆಗೆ ಒಂದು ತುತ್ತೂ ಬಿದ್ದಿರಲಿಲ್ಲ. ಮಧ್ಯಾಹ್ನ ಜಾರಿತು. ಅವರ ಹಣೆಯಲ್ಲಿ ಬೆವರು, ಕೈಬೆರಳು ನಡುಗುತ್ತಿತ್ತು. ಒಂದು ಚಮಚ ಸಕ್ಕರೆಯಾದರೂ ಬಾಯಿಗೆ ಹಾಕಿಕೋ ಅಮ್ಮ ಎಂದು ನಿಮ್ಮ ಅಜ್ಜ ಹೇಳಿದರೆ ತುಟಿ ಬಿಗಿದುಕೊಂಡರು.

"ಅವರು ಉಣ್ಣದೆ ನಾನು ಉಂಡದ್ದುಂಟಾ? ಸಾಯುವುದಾದ್ರೆ ಸಾಯ್ತೇನೆ."

"ಇಲ್ಲಿ ಸತ್ರೆ ಊರಿಗೆ ಕಳಿಸ್ಲಿಕ್ಕೆ ಎಷ್ಟು ಆಫೀಸು ಸುತ್ಬೇಕು ಗೊತ್ತುಂಟಾ ಅಮ್ಮ?" ಎಂದರು ನಿಮ್ಮ ಅಜ್ಜ. ಮತ್ತೆ ಏನು ತೋಚಿತೋ, ಪಂಚೆ ಎತ್ತಿ ಕಟ್ಟಿ ತಾರಸಿ ಹತ್ತಿ, "ಕಾ! ಕಾ!" ಎಂದು ಕೂಗತೊಡಗಿದರು. ನಿಮ್ಮ ಅಮ್ಮ, "ಪ್ಲೀಸ್ ಸ್ಟಾಪ್, ಪಪ್ಪಾ!" ಎಂದು ಮುಖ ಮುಚ್ಚಿಕೊಂಡಳು.

ಕೂಗಿಗೆ ಕಾಗೆ ಬರಲಿಲ್ಲ, ಪಕ್ಕದ ಮನೆಯ ಮುದುಕಿ ಬಂದರು. ನಮ್ಮ ಮನೆಯ ಮಾಲೀಕನ ತಾಯಿ, ಅರಬಿ ಬಿಟ್ಟು ಬೇರೇನೂ ಬಾರದವರು. ತಗ್ಗು ಗೋಡೆಯಾಚೆ ನಿಂತು, ತಾರಸಿಯ ಮೇಲೆ ಕಾಗೆಯಾಗಿದ್ದ ನಿಮ್ಮ ಇಂಜಿನಿಯರ್ ಅಜ್ಜನನ್ನು ನೋಡಿದರು. ನಾನು ಸೆರಗು ಎಳೆದುಕೊಂಡು ಜಗಲಿಯ ಕಂಬದ ಹಿಂದೆ ಸರಿದೆ.

ಅಷ್ಟರಲ್ಲಿ ಬೇವಿನಿಂದ ಒಂದು ಹಕ್ಕಿ ಇಳಿಯಿತು. ಆ ಕಾಲದಲ್ಲಿ ವರ್ಷವೂ ಬಂದು ಹೋಗುವ ನನ್ನ ನೆಂಟರಲ್ಲಿ ಒಂದು: ಇಟ್ಟಿಗೆ ಬಣ್ಣ, ಕಪ್ಪು ಬಿಳಿ ಪಟ್ಟೆಯ ರೆಕ್ಕೆ, ದಬ್ಬಣದಂಥ ಕೊಕ್ಕು. ಇಳಿದದ್ದೇ ತಲೆಯ ಜುಟ್ಟನ್ನು ಬೀಸಣಿಗೆಯ ಹಾಗೆ ಬಿಚ್ಚಿ ಮಡಚಿತು. ಪಾಯಸಕ್ಕೆ ಇರುವೆ ಮುತ್ತಿತ್ತು. ಅದು ಇರುವೆಗಳನ್ನು ಹೆಕ್ಕುತ್ತಾ ಬಾಳೆಲೆಯ ಮೇಲೇ ಕಾಲಿಟ್ಟಿತು.

ಮುದುಕಿ ಸಂತೋಷದಿಂದ ಕೈ ತೋರಿಸಿ, "ಹುದ್‌ಹುದ್! ಹುದ್‌ಹುದ್!" ಎಂದರು.

ಅತ್ತೆ ತಟ್ಟನೆ ನೆಟ್ಟಗೆ ಕೂತರು. "ಅವಳು ಎಂತ ಹೇಳಿದ್ದು? ಉದ್ದುದ್ದವಾ?"

ನನಗೂ ಹಾಗೆಯೇ ಕೇಳಿಸಿತ್ತು. ಕಂಬದ ಹಿಂದಿನಿಂದಲೇ, "ಹೌದತ್ತೆ, ಉದ್ದುದ್ದ ಅಂದ್ರು. ಮೂಗಿಗೆ ಇರ್ಬೇಕು" ಎಂದೆ.

"ಅವರ ಮೂಗು ಉದ್ದ ಅಂತ ಈ ಹೆಂಗಸಿಗೆ ಹೇಗೆ ಗೊತ್ತು?"

ಮನೆಯೊಳಗೆ ಗೋಡೆಗೆ ತೂಗಿದ್ದ ಫೋಟೋದಲ್ಲಿ ಮಾವನ ಮೂಗು ಮುಖಕ್ಕಿಂತ ಮೊದಲು ಕಾಣುತ್ತಿತ್ತು. ಆದರೆ ಮುದುಕಿ ನಮ್ಮ ಮನೆಯೊಳಗೆ ಬಂದವರೇ ಅಲ್ಲ. ಅದೂ ಕನ್ನಡದಲ್ಲಿ ಹೇಳಬೇಕಾದರೆ!

ನಿಮ್ಮ ಅಮ್ಮ ಬಾಯಿ ಹಾಕಿದಳು: "ಅಜ್ಜಿ, ಇಟ್ಸ್ ಜಸ್ಟ್ ಎ ಹೂಪೂ ಬರ್ಡ್. ಶಾಲೆಯ ಚಾರ್ಟಲ್ಲಿದೆ."

"ಸುಮ್ನಿರು. ಸತ್ತವರು ಚಾರ್ಟು ನೋಡಿ ಬರ್ತಾರಾ?"

ಅತ್ತೆ ಹಕ್ಕಿಯನ್ನೇ ನೋಡಿದರು. ಅದು ಮತ್ತೊಮ್ಮೆ ಜುಟ್ಟು ಬಿಚ್ಚಿತು. ಆಗ ನನಗೆ ಎಲ್ಲಿಂದ ಧೈರ್ಯ ಬಂತೋ, ಅವರೆದುರು ಕೇಳದೆ ಮಾತಾಡಿದವಳೇ ಅಲ್ಲ ನಾನು, "ಮಾವನಿಗೂ ಜುಟ್ಟಿತ್ತಲ್ಲ ಅತ್ತೆ" ಎಂದುಬಿಟ್ಟೆ.

"ಸ್ನಾನ ಆದ್ಮೇಲೆ ಹೀಗೇ ಕೊಡವುತ್ತಿದ್ರು," ಎಂದರು ಅತ್ತೆ ಮೆಲ್ಲಗೆ. ಮರುಕ್ಷಣ ದನಿ ಬದಲಾಯಿತು. "ವಡೆ ಮುಟ್ಟಲಿಲ್ಲ ನೋಡು. ಪಾಯಸಕ್ಕೇ ಬಾಯಿ. ಆಗಲೂ ಹಾಗೇ. ಎಂತ ನೋಡ್ತಾ ನಿಂತಿದ್ದಿ, ಬಡಿಸು ಮಾರಾಯ್ತಿ!"

ಬಡಿಸಿದೆ. ಮೊದಲ ತುತ್ತು ಪಾಯಸ. ನಾಲ್ಕು ತುತ್ತಿಗೆ ಬೆರಳಿನ ನಡುಕ ನಿಂತಿತು. ನಿಮ್ಮ ಅಜ್ಜ ತಾರಸಿಯಿಂದ ಇಳಿದು ಬಂದು ತಾಯಿಯ ಪಕ್ಕ ನೆಲದ ಮೇಲೆ ಕೂತು, ಪಂಚೆಯ ತುದಿಯಿಂದ ಅವರ ಹಣೆಯ ಬೆವರು ಒರೆಸಿದರು. ಹುದ್‌ಹುದ್ ಎಂದರೆ ಅರಬಿಯಲ್ಲಿ ಆ ಹಕ್ಕಿಯ ಹೆಸರೇ ಎಂದು ಅವರಿಗೆ ಆಫೀಸಿನಲ್ಲಿ ಯಾರೋ ಹೇಳಿದರು. ಮನೆಯಲ್ಲಿ ನಾವಿಬ್ಬರೂ ಆ ವಿಷಯ ಎತ್ತಲಿಲ್ಲ. ಅತ್ತೆ ಊರಿಗೆ ಹೋಗಿ, ಯಜಮಾನರು ಮಸ್ಕತ್ತಿಗೆ ಬಂದಿದ್ದರು, ಅರಬಿ ಹೆಂಗಸೂ ಗುರುತಿಸಿದಳು ಎಂದು ಬದುಕಿರುವವರೆಗೆ ಹೇಳಿಕೊಂಡರು.

ಮುತ್ತಜ್ಜನನ್ನು ಹಕ್ಕಿ ಮಾಡಿ ನಗುವುದು ತಪ್ಪು ಎಂದು ನಿಮ್ಮ ಅಮ್ಮನಿಗೆ ಈಗ ಅನ್ನಿಸುತ್ತದೆ. ಈ ಬರಹ ಕೈಗೆ ಸಿಕ್ಕರೆ ಹರಿದಾಳು. ಈ ಹಾಳೆಗಳನ್ನು ನನ್ನ ಪೆಟ್ಟಿಗೆಯಲ್ಲಿ, ಸೀರೆಗಳ ಕೆಳಗೆ ಇಡಿ. ಅಲ್ಲಿ ಅವಳು ಕೈ ಹಾಕುವುದಿಲ್ಲ.