ಹೆಂಡತಿಗೆ ಮೊದಲು ಕೇಳಿಸಿದ ಹಾಡು

ರಾಮನಗರದ ಸ್ಟೇಷನ್ ರಸ್ತೆಯಲ್ಲಿ ಒಬ್ಬ ಗೋಣಿಚೀಲ ಹಾಸಿ ಹಳೇ ಸಿ.ಡಿ. ಮಾರುತ್ತಿದ್ದ. ಒಂದರ ಮೇಲೆ ಹಾಡುವವರ ಫೋಟೋ ಇರಲಿಲ್ಲ, ಬರೀ ತುಕ್ಕು ಹಿಡಿದ ತಗಡಿನ ಚಿತ್ರ. ಒಳಗೇನಿರಬಹುದೆಂಬ ಕುತೂಹಲ ತಡೆಯಲಾರದೆ ಕೊಂಡುಕೊಂಡೆ.

ಹಾಕಿದರೆ ರಾಗವಿಲ್ಲ, ತಾಳವಿಲ್ಲ. ಮೊದಲನೆಯದರಲ್ಲಿ ಯಾರೋ ತಗಡು ಉಜ್ಜುತ್ತಿದ್ದರು. ಎರಡನೆಯದರಲ್ಲಿ ಕೊಳವೆಯೊಳಗೆ ಉಸಿರು ಬಿಡುತ್ತಿದ್ದರು, ಅಷ್ಟೇ. ಆರಿಸಲು ಎದ್ದವನು ಅಲ್ಲೇ ನಿಂತುಬಿಟ್ಟೆ. ರೇಷ್ಮೆ ನೂಲಿಗೆ ಹುರಿ ಹಾಕುವ ಕಾರ್ಖಾನೆಯಲ್ಲಿ ನಾನು ಫಿಟ್ಟರ್. ಸದ್ದು ಕೆಟ್ಟ ಕಡೆ ಕೈಹಾಕುವುದೇ ನನ್ನ ಕೆಲಸ. ಸದ್ದನ್ನು ರಿಪೇರಿ ಮಾಡದೆ ಸುಮ್ಮನೆ ಕೂತು ಕೇಳಬಹುದೆಂದು ಅವತ್ತೇ ಗೊತ್ತಾದದ್ದು.

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಆದರೆ ಸ್ಕ್ರೂಡ್ರೈವರ್ ತುದಿಯನ್ನು ಮಿಷನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟರೆ ಯಾವ ಬೇರಿಂಗ್ ಹೋಗುತ್ತಿದೆ ಎಂದು ಹೇಳಿಬಿಡುತ್ತಿದ್ದೆ. ಮಾಲೀಕರು ಮಿಷನ್ ಕೊಳ್ಳಲು ಹೋಗುವಾಗ ನನ್ನನ್ನೂ ಕರೆದೊಯ್ಯುತ್ತಿದ್ದರು.

ಮೂರನೆಯ ಹಾಡು ಶುರುವಾಗಲೇ ಇಲ್ಲ. ಸಿ.ಡಿ.ಗೆ ಗೀರು ಬಿದ್ದಿರಬೇಕು ಎಂದುಕೊಳ್ಳುವಷ್ಟರಲ್ಲಿ ಹೆಂಡತಿ ಮುದ್ದೆಕೋಲು ಹಿಡಿದೇ ಅಡುಗೆಮನೆಯಿಂದ ಬಂದಳು.

"ಅದೇನ್ ಕುಯ್ಯಂತೈತೆ? ಕಿವೀಗ್ ಸೂಜಿ ಚುಚ್ದಂಗಾಯ್ತದೆ. ಆರ್ಸಿ ಮೊದ್ಲು!"

"ಎಲ್ಲೈತೆ ಸದ್ದು? ನಿಂತೋಗೈತೆ ಕಣೇ."

"ನಿಂತದಾ? ತಮಾಸೆ ಮಾಡ್ತಿದ್ದೀರಾ?"

ಸ್ಪೀಕರ್ ಡಬ್ಬಕ್ಕೆ ಕಿವಿ ಅಂಟಿಸಿ ಕೂತೆ. ಎಷ್ಟೋ ಹೊತ್ತಿನ ಮೇಲೆ ರೇಷ್ಮೆ ಎಳೆಯಂಥ ಸದ್ದೊಂದು ಬಂತು. ಬಹಳ ಮೇಲಿನಿಂದ ನಿಧಾನವಾಗಿ ಇಳಿಯುತ್ತಾ ಬರುವ ಒಂದೇ ಸ್ವರ. ಅವಳಿಗೆ ಮೊದಲಿಂದಲೂ ಕೇಳಿಸಿದ್ದು ನನ್ನ ತನಕ ಇಳಿದದ್ದು ಆಗ. ಇಷ್ಟು ವರ್ಷದ ಮಿಷನ್ ಸದ್ದಿಗೆ ನನ್ನ ಕಿವಿಯಲ್ಲಿ ಮೇಲಿನ ಸ್ವರಗಳು ಸವೆದುಹೋಗಿದ್ದವು.

ಮಾರನೇ ದಿನ ಕಾರ್ಖಾನೆಯಲ್ಲಿ ಚೆನ್ನಾಗಿರುವ ಮಿಷನ್ನುಗಳಿಗೂ ಕಿವಿ ಕೊಟ್ಟು ನೋಡಿದೆ. ಕೇಳಿಸಿತು. ಆದರೆ ಕೇಳಿಸದೇ ಹೋದದ್ದು ಎಷ್ಟು ಎಂದು ಯಾರನ್ನು ಕೇಳಲಿ? ಬಿಡದಿ ಕಡೆ ಹೊಸ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ. ಅಲ್ಲಿ ಕೆಲಸಕ್ಕೆ ಮೊದಲು ಕಿವಿ ಪರೀಕ್ಷೆ ಮಾಡುತ್ತಾರಂತೆ. ಇಲ್ಲಿ ಮಾಲೀಕರು ನನ್ನನ್ನು ಬೇಡವೆಂದರೆ ಅಲ್ಲೂ ಗತಿಯಿಲ್ಲ.

ಜೊತೆಯ ಫಿಟ್ಟರನನ್ನು ಭಾನುವಾರ ಊಟಕ್ಕೆ ಕರೆದೆ. ಕೋಡಿಹಳ್ಳಿ ಕಡೆಯವನು. ನನಗೆ ಕೆಲಸ ಕಲಿಸಿದವನೂ ಅವನೇ. ಏನೂ ಹೇಳದೆ ಸಿ.ಡಿ. ಹಾಕಿದೆ.

"ಲೇ, ತಗಡು ಉಜ್ಜೋದ್ನೂ ಮಾರ್ತಾರೇನ್ಲಾ? ನಾವ್ ದಿನಾ ಪುಕ್ಸಟ್ಟೆ ಕೇಳ್ತೀವಲ್ಲೋ!" ಎಂದು ನಕ್ಕ. ಮೂರನೆಯದು ಬಂದಾಗ ಗೋಡೆಗೊರಗಿ ಕಾಲು ಚಾಚಿದ. "ಇದು ಒಸಿ ವಾಸಿ ಕಣ್ಲಾ. ತಣ್ಣಗೈತೆ."

ಒಳಗಿನಿಂದ ಹೆಂಡತಿ ಕಿಸಕ್ಕನೆ ನಕ್ಕಳು. "ತಣ್ಣಗಂತೆ! ಇಲ್ಲಿ ನನ್ ತಲೆ ಸಿಡೀತೈತಣ್ಣ."

ಅವನು ನನ್ನ ಮುಖ ನೋಡಿದ. ಇದ್ದದ್ದನ್ನು ಹೇಳಿದೆ.

"ಥೂ, ಆ ಸಿ.ಡಿ.ನೇ ಮೋಸ. ಹೆಂಗಸ್ರ ಕಿವಿ ಬ್ಯಾರೆ," ಎಂದು ಜೋರಾಗಿ ಮಾತಾಡತೊಡಗಿದ. ಅಷ್ಟರಲ್ಲಿ ಎಳೆ ಇಳಿದು ನನಗೆ ಸಿಕ್ಕಿತು. ಕೈ ಎತ್ತಿ ತೋರಿಸಿದೆ. ಅವನು ಮಾತು ನಿಲ್ಲಿಸಿ, ಕತ್ತು ಓರೆ ಮಾಡಿ ಕಾದ. ಕಾಯುತ್ತಲೇ ಇದ್ದ. ಅವನ ತನಕ ಅದಿನ್ನೂ ಬಂದಿರಲಿಲ್ಲ. ಕಾರ್ಖಾನೆಗೆ ನನಗಿಂತ ಕೆಲವೇ ವರ್ಷ ಮೊದಲು ಸೇರಿದವನು ಅವನು.

ಕೊನೆಗೆ, "ಯಾರ್ತಾವೂ ಆಡ್ಬ್ಯಾಡ ಕಣ್ಲಾ," ಎಂದು ಎದ್ದುಹೋದ. ಮಜ್ಜಿಗೆಯನ್ನೂ ಮುಟ್ಟಲಿಲ್ಲ.

ಸೋಮವಾರ ಕಿವಿಗೆ ಹತ್ತಿ ತುರುಕಿಕೊಂಡು ಕೆಲಸಕ್ಕೆ ಹೋದೆ. ಹತ್ತಿ ಇದ್ದರೆ ಬೇರಿಂಗ್ ತಿಳಿಯದು, ತೆಗೆದರೆ ಉಳಿದದ್ದೂ ಸವೆಯುತ್ತದೆ. ತೆಗೆಯುತ್ತಾ ಇಡುತ್ತಾ ಮಧ್ಯಾಹ್ನವಾಯಿತು. ಆಗ ಅವನು ಕಿಟಕಿ ಕಡೆಯ ಮಿಷನ್ ಹತ್ತಿರ ನಿಂತು ಕೈ ಬೀಸಿದ. ಅಷ್ಟು ವರ್ಷದಲ್ಲಿ ಅವನು ಯಾರನ್ನೂ ಸಹಾಯಕ್ಕೆ ಕರೆದವನಲ್ಲ.

"ಒಸಿ ಇದನ್ನ ನೀನೇ ಕೇಳ್ಬುಡ್ಲಾ," ಎಂದ, ಬೇರೆ ಕಡೆ ನೋಡುತ್ತಾ.

ಹತ್ತಿ ತೆಗೆದು ಬಗ್ಗಿ ಕೇಳಿದೆ. ಎಡಗಡೆಯ ಬೇರಿಂಗ್ ಹೋಗಿತ್ತು. ಹೇಳಿದೆ. ಅವನು ತಲೆಯಾಡಿಸಿ ಸ್ಪ್ಯಾನರ್ ಎತ್ತಿಕೊಂಡ. ನಾನು ಹತ್ತಿಯನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ಬಲಗಡೆಯದನ್ನು ಇನ್ನೊಮ್ಮೆ ಕೇಳಿದೆ. ಸರಿಯಾಗಿಯೇ ಇತ್ತು, ನನಗೆ ಕೇಳಿಸಿದ ಮಟ್ಟಿಗೆ.