ಹಸಿರು ಚುಕ್ಕೆಯ ಊರಿನಲ್ಲಿ ಕೆಂಪು ದೀಪ

ಕಳೆದ ದಸರೆಯಿಂದ ದೀಪಾವಳಿಯವರೆಗೆ, ನಮ್ಮೂರಿಗೆ ಇಂಟರ್ನೆಟ್ ಬಂದಿದೆ ಎಂಬುದನ್ನು ಕಣ್ಣಾರೆ ನೋಡಬೇಕಾದರೆ ಬಸ್ಸು ಹತ್ತಿ ತಾಲೂಕು ಪಟ್ಟಣ ಗಡಹಿಂಗ್ಲಜಕ್ಕೆ ಹೋಗಬೇಕಿತ್ತು. ಅಲ್ಲಿ ನೆಟ್ ಚೆನ್ನಾಗಿದೆ. ಸರ್ಕಾರದ ಜಾಲತಾಣ ತೆರೆದರೆ ಜಿಲ್ಲೆಯ ನಕಾಶೆ, ನಕಾಶೆಯಲ್ಲಿ ನಮ್ಮೂರಿನ ತಲೆಯ ಮೇಲೆ ಒಂದು ಹಸಿರು ಚುಕ್ಕೆ. ಹಸಿರೆಂದರೆ ಜೋಡಣೆ ಮುಗಿದಿದೆ ಎಂದರ್ಥ. ನಾನು ಎರಡು ಸಲ ಹೋಗಿ ನೋಡಿ, ಹೆಮ್ಮೆಪಟ್ಟು, ಸಂಜೆಯ ಬಸ್ಸಿಗೆ ನೆಟ್ ಇಲ್ಲದ ಊರಿಗೆ ಮರಳಿದೆ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಹೊಟ್ಟೆಪಾಡಿಗೆ ಝೆರಾಕ್ಸ್ ಅಂಗಡಿ, ಉಳಿದ ಹೊತ್ತಿನಲ್ಲಿ ಊರವರ ದನಿ ತೆಗೆಯುವುದು. ಎರಡೂ ನಕಲಿನ ಕಸುಬೇ. ಮೊದಲನೆಯದಕ್ಕೆ ದುಡ್ಡು ಸಿಗುತ್ತದೆ, ಎರಡನೆಯದಕ್ಕೆ ಬೈಗುಳ. ನನ್ನ ಉತ್ತಮ ಕೃತಿ ಎಂದರೆ ನಮ್ಮ ಸರಪಂಚ ಅಪ್ಪಾಸಾಹೇಬರು. ಗಡಿಯಾಚೆ ಮರಾಠಿ ರಾಜ್ಯಕ್ಕೆ ಸೇರಿದ ಕನ್ನಡದ ಊರು ನಮ್ಮದು, ಹಾಗಾಗಿ ಅವರು ಮನೆಯಲ್ಲಿ ಕನ್ನಡ, ಸಭೆಯಲ್ಲಿ ಮರಾಠಿ. ಒಂದರಿಂದ ಇನ್ನೊಂದಕ್ಕೆ ದಾಟುವಾಗ ಘಟ್ಟದಲ್ಲಿ ಗೇರು ಬದಲಿಸುವ ಬಸ್ಸಿನ ಹಾಗೆ ಒಮ್ಮೆ ಗಂಟಲು ಕೆರೆದುಕೊಳ್ಳುತ್ತಾರೆ. ಆ ಕೆರೆತವನ್ನು ನಾನು ಎಷ್ಟು ಸೊಗಸಾಗಿ ಕಲಿತಿದ್ದೇನೆಂದರೆ, ಒಮ್ಮೆ ಅವರ ಹೆಂಡತಿಯೇ ಗಂಡ ಬಂದರೆಂದು ತಿಳಿದು ಒಳಗಿನಿಂದ ಸಕ್ಕರೆ ಕಡಿಮೆ ಹಾಕಿದ ಚಹಾ ತಂದಿಟ್ಟಿದ್ದರು.

ಇಂಟರ್ನೆಟ್ಟಿನ ಯೋಜನೆ ದಿಲ್ಲಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ಬೆಳೆದು, ಕೊಲ್ಹಾಪುರದಲ್ಲಿ ದಣಿದು, ನಮ್ಮ ಪಂಚಾಯತಿಯ ಕಬ್ಬಿಣದ ಕಪಾಟಿನೊಳಗೆ ಒಂದು ಪುಟ್ಟ ಪೆಟ್ಟಿಗೆಯಾಗಿ ಬಂದು ಕೂತಿತು. ಹಳ್ಳಿಯವರೆಗೆ, ನೆಟ್ಟನ್ನು ಬೆಳಕಾಗಿ ಹೊತ್ತು ತರುವ ಗಾಜಿನ ಎಳೆ ಎಳೆಯಲು ಸರ್ಕಾರದ ನಿಧಿ ಉಂಟು. ಎಳೆದ ಮೇಲೆ ಅದರ ಯೋಗಕ್ಷೇಮ ಯಾರದು ಎಂದು ಕೇಳಿದರೆ ಎಲ್ಲ ಕಚೇರಿಗಳಿಗೂ ಕೆಮ್ಮು ಬರುತ್ತದೆ. ನಮ್ಮ ಹಳೆಯ ಶಾಸನಗಳಿಗೆ ಈ ವಿಷಯದಲ್ಲಿ ಜಾಣತನ ಹೆಚ್ಚು. ಕೆರೆ ಕಟ್ಟಿಸಿದವನು ಅದರ ಹೂಳೆತ್ತಲು ಒಂದಿಷ್ಟು ಗದ್ದೆಯನ್ನೂ ಬಿಡುತ್ತಿದ್ದ. ಕಲ್ಲಿನ ಕೊನೆಗೆ, ಈ ಧರ್ಮವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ ಹಸುಗಳನ್ನು ಕೊಂದ ಪಾಪ ತಟ್ಟಲಿ ಎಂದು ಶಾಪವನ್ನೂ ಕೆತ್ತಿಸುತ್ತಿದ್ದ. ನಮ್ಮ ಯೋಜನೆಯಲ್ಲಿ ಗದ್ದೆಯೂ ಇಲ್ಲ, ಶಾಪವೂ ಇಲ್ಲ. ಶಾಪ ಇಲ್ಲದಿರುವುದು ನನ್ನ ಪುಣ್ಯ. ಯಾಕೆಂದು ಮುಂದೆ ತಿಳಿಯುತ್ತದೆ.

ಪೆಟ್ಟಿಗೆ ಬಂದ ಮೊದಲೆರಡು ತಿಂಗಳು ಸುಖವಾಗಿಯೇ ನಡೆಯಿತು. ಹೆಚ್ಚು ಸುಖಪಟ್ಟವಳು ಸುನಂದಾ. ಇಚಲಕರಂಜಿಯ ಮಗ್ಗಗಳಿಗೆ ಸೀರೆಯ ಅಂಚಿನ ಚಿತ್ತಾರವನ್ನು ಕಂಪ್ಯೂಟರಿನಲ್ಲಿ ಬಿಡಿಸಿಕೊಡುವ ಹೆಂಗಸು. ಮೊದಲೆಲ್ಲ ಚಿತ್ತಾರವನ್ನು ಪೆನ್‌ಡ್ರೈವಿಗೆ ಹಾಕಿ, ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಗಡಹಿಂಗ್ಲಜಕ್ಕೆ ಹೋಗಿ ಕಳಿಸುತ್ತಿದ್ದಳು. ಮೊಬೈಲಿನಲ್ಲಿ ಶುಭೋದಯದ ಗುಲಾಬಿ ಬರುತ್ತದೆಯೇ ಹೊರತು ಆ ದಪ್ಪ ಫೈಲು ಹೋಗುತ್ತಿರಲಿಲ್ಲ. ಪಂಚಾಯತಿಗೆ ನೆಟ್ ಬಂದದ್ದೇ ಬೆಳಗ್ಗೆ ಅಲ್ಲಿ ಕೂತು ಕಳಿಸತೊಡಗಿದಳು. ಮಗ್ಗದ ಮಾಲೀಕರು ಖುಷಿಯಾಗಿ, ದೀಪಾವಳಿಯಿಂದ ಕಾಯಂ ಕೆಲಸ ಕೊಡುವುದಾಗಿ ಒಪ್ಪಿದರು. ಷರತ್ತು ಒಂದೇ: ದಿನಾ ಹತ್ತು ಗಂಟೆಯೊಳಗೆ ಚಿತ್ತಾರ ತಲುಪಬೇಕು. ಇಲ್ಲದಿದ್ದರೆ ಇಚಲಕರಂಜಿಗೇ ಬಂದು ಕೂರಬೇಕು. ಎರಡು ಎಮ್ಮೆ, ಒಬ್ಬ ಶಾಲೆಯ ಮಗಳು, ಕಾಲು ನೋವಿನ ಅತ್ತೆ ಇರುವವಳು ಎಲ್ಲಿಗೆ ಹೋಗಿ ಕೂತಾಳು?

ಅಷ್ಟರಲ್ಲಿ ದಸರೆಯ ಖಂಡೇನವಮಿ ಬಂತು. ನಮ್ಮಲ್ಲಿ ಆ ದಿನ ಕುಡಗೋಲಿನಿಂದ ಟ್ರ್ಯಾಕ್ಟರಿನವರೆಗೆ ದುಡಿಯುವ ಯಾವ ವಸ್ತುವೂ ಕುಂಕುಮವಿಲ್ಲದೆ ಉಳಿಯುವಂತಿಲ್ಲ. ಪಂಚಾಯತಿಯ ಪೂಜೆಗೆ ಬರಬೇಕಾದ ಅಯ್ಯನವರು ತಡಮಾಡಿದರು. ಅವರ ದನಿಯಲ್ಲಿ ನೀನೇ ಮುಗಿಸಿಬಿಡು ಎಂದು ಊರವರು ನನ್ನನ್ನು ಹುರಿದುಂಬಿಸಿದರು. ನನಗೆ ಅಷ್ಟು ಸಾಕು. ಮೂಗಿನಲ್ಲಿ ಮಂತ್ರ ಹೇಳುತ್ತ, ಪ್ರಿಂಟರಿಗೆ, ಮೋಟಾರಿಗೆ, ಸ್ಟಾಂಪ್ ಪ್ಯಾಡಿಗೆ ಕುಂಕುಮ ಹಚ್ಚಿದೆ. ಪೆಟ್ಟಿಗೆಯ ಧೂಳು ಒರೆಸಲು ಯಾರೋ ಅದರ ಗಾಜಿನ ಎಳೆಯ ವಯರು ಬಿಚ್ಚಿಟ್ಟಿದ್ದರು. ಅದರ ತುದಿಗೂ ಒಂದು ಬೊಟ್ಟು ಇಟ್ಟು ಮತ್ತೆ ಸಿಕ್ಕಿಸಿದೆ.

ಪೆಟ್ಟಿಗೆಯ ಹಸಿರು ದೀಪದ ಪಕ್ಕದಲ್ಲಿ ಕೆಂಪು ದೀಪವೊಂದು ಹೊತ್ತಿಕೊಂಡಿತು. ಪೂಜೆ ಮುಟ್ಟಿತು ಎಂದು ಎಲ್ಲರೂ ಕೈ ಮುಗಿದರು. ನಾನೂ ಮುಗಿದೆ.

ಮರುದಿನ ನೋಡಿದರೆ ನೆಟ್ ಇಲ್ಲ. ದೂರು ಕೊಡುವ ಹೊಣೆ ಸಹಜವಾಗಿಯೇ ನನಗೆ ಬಂತು. ಸರಪಂಚರ ಒಪ್ಪಿಗೆ ಪಡೆದು ಅವರ ದನಿಯಲ್ಲೇ ಫೋನು ಮಾಡುತ್ತಿದ್ದೆ. ಗಡಹಿಂಗ್ಲಜದವರು ಕೊಲ್ಹಾಪುರ ಎಂದರು, ಕೊಲ್ಹಾಪುರದವರು ಮುಂಬಯಿ ಎಂದರು. ಮುಂಬಯಿಯವರು ತಮ್ಮ ಪರದೆ ನೋಡಿ, ನಿಮ್ಮೂರಿಗೆ ಹಸಿರು ಚುಕ್ಕೆ ಇದೆಯಲ್ಲ ಎಂದು ಅಭಿನಂದಿಸಿದರು. ಸುನಂದಾ ಮತ್ತೆ ಸೆರಗಿಗೆ ಗಂಟು ಹಾಕಿದಳು. ಆ ಬಸ್ಸು ಹತ್ತು ಗಂಟೆಯೊಳಗೆ ಮುಟ್ಟಿದ ದಿನಗಳು ಕಡಿಮೆ.

ದೀಪಾವಳಿಗೆ ಎರಡು ದಿನ ಇರುವಾಗ ಗಡಹಿಂಗ್ಲಜದಿಂದ ಒಬ್ಬ ತಂತ್ರಜ್ಞ ಬಂದ. ಕೆಂಪು ದೀಪ ನೋಡಿ, ಬೆಳಕು ಬರುತ್ತಿಲ್ಲ ಎಂದ. ರಸ್ತೆಯುದ್ದಕ್ಕೂ ಅಡ್ಡಾಡಿ ಬಂದು, ಕಬ್ಬಿನ ಗಾಡಿಗಳ ಭಾರಕ್ಕೆ ನೆಲದೊಳಗೆ ಎಳೆ ಮುರಿದಿರಬೇಕು, ಮತ್ತೆ ಅಗೆಯಬೇಕು, ಅದಕ್ಕೆ ಮುಂದಿನ ವರ್ಷದ ನಿಧಿಯೇ ಗತಿ ಎಂದು ವರದಿ ಬರೆಯಲು ಕೂತ. ಬಾಗಿಲಲ್ಲಿ ನಿಂತಿದ್ದ ಸುನಂದಾ ಸೆರಗಿನ ಗಂಟನ್ನು ಬಿಚ್ಚಿದಳು, ಮತ್ತೆ ಕಟ್ಟಿದಳು.

ಬರೆಯುತ್ತ ಆತ ಮಾತಿಗೆ ಹೇಳಿದ: "ಭಾಳ ನಾಜೂಕ ರೀ ಇದು. ತುದಿಗೆ ಧೂಳಿನ ಕಣ ಕುಂತರೂ ಬೆಳಕು ದಾಟೂದಿಲ್ಲ. ಆದರ ಕಪಾಟಿನಾಗಿಂದು ಯಾರು ಮುಟ್ಟತಾರ, ಬಿಡ್ರಿ."

ಬೊಟ್ಟು ಇಟ್ಟಿದ್ದ ನನ್ನ ಬಲಗೈಯ ಉಂಗುರ ಬೆರಳು ತಣ್ಣಗಾಯಿತು. ಸಾವಿರ ಕವಿಲೆಗಳು ಸಾಲಾಗಿ ಬಂದು ನನ್ನನ್ನು ನೋಡಿದವು. ಆತ ಸಹಿ ಹಾಕುವ ಮೊದಲು ಬಾಯಿ ಬಿಡಬೇಕಿತ್ತು. ಯಾರ ದನಿಯಲ್ಲಿ ಹೇಳಲಿ ಎಂದು ಅಭ್ಯಾಸದಂತೆ ಹುಡುಕಿದೆ, ಯಾವುದೂ ಸಿಗಲಿಲ್ಲ.

"ನಾನ ಹಚ್ಚೇನ್ರಿ, ಅದರ ತುದಿಗೆ ಕುಂಕುಮ."

ತಂತ್ರಜ್ಞನ ಪಕ್ಕದಲ್ಲಿ ಕೂತಿದ್ದ ಅಪ್ಪಾಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದು ಯಾರ ದನಿಲೇ? ಭಾರಿ ತಗದಿ. ನಮ್ಮ ಗ್ರಾಮಸೇವಕಂದೇನು?"

"ಯಾರದೂ ಅಲ್ಲ," ಎಂದಳು ಸುನಂದಾ. "ಅವಂದ ಐತ್ರಿ. ಉಳದವರ ದನಿ ತಗಿಯೂವಾಗ ಹಿಂಗ ನಡಗೂದಿಲ್ಲ ಅದು."

ನಗು ನಿಂತಿತು. ತಂತ್ರಜ್ಞ ಎದ್ದು, ವಯರು ಬಿಚ್ಚಿ, ತುದಿಯನ್ನು ಮೂಗಿನ ಹತ್ತಿರ ಹಿಡಿದು, "ಹೇ ತರ್ ಕುಂಕೂ ಆಹೆ" ಎಂದ, ಕುಂಕುಮವೇ ಹೌದೆಂದು ಖಾತ್ರಿ ಮಾಡಿಕೊಳ್ಳುವವನಂತೆ. ಒಂದು ತೇವದ ಬಟ್ಟೆಯ ಚೂರಿನಿಂದ ಒರೆಸಿ, ಪೆಟ್ಟಿಗೆಯ ಕಿಂಡಿಯನ್ನೂ ಸ್ವಚ್ಛ ಮಾಡಿ ಸಿಕ್ಕಿಸಿದ. ಕೆಂಪು ದೀಪ ಆರಿತು. ದಿಲ್ಲಿಯಿಂದ ನಮ್ಮೂರಿನವರೆಗೆ ಬೆಟ್ಟ, ಹೊಳೆ, ಕಡತಗಳನ್ನೆಲ್ಲ ದಾಟಿ ಬಂದ ಬೆಳಕು, ಮೂರು ವಾರ ನನ್ನ ಒಂದು ಬೊಟ್ಟಿನ ಎದುರು ಕಾಯುತ್ತ ನಿಂತಿತ್ತು. ಆತ ಹಳೆಯ ವರದಿ ಹರಿದು, ಹೊಸದರಲ್ಲಿ ಕಾರಣ 'ಧೂಳು' ಎಂದು ಬರೆದ. ದೊಡ್ಡ ಮನಸ್ಸು.

ಮರುದಿನ ಒಂಬತ್ತೂ ಮುಕ್ಕಾಲಕ್ಕೆ ಸುನಂದಾಳ ಚಿತ್ತಾರ ಇಚಲಕರಂಜಿ ತಲುಪಿತು. ಅಂಚಿನ ಬಣ್ಣ ಯಾವುದೆಂದು ಕೇಳಿದೆ. ಕುಂಕುಮದ್ದು ಎಂದಳು, ಮುಖದಲ್ಲಿ ನಗುವಿರಲಿಲ್ಲ.

ಮುಂದಿನ ಖಂಡೇನವಮಿಗೆ ಕಪಾಟಿನ ಬಾಗಿಲಿಗೆ ಹೊರಗಿನಿಂದ ಕುಂಕುಮ ಹಚ್ಚುವುದೆಂದು ಪಂಚಾಯತಿ ಠರಾವು ಮಾಡಿದೆ. ನಮ್ಮೂರಿನ ಮಟ್ಟಿಗೆ ಇದೇ ನಿರ್ವಹಣಾ ನೀತಿ, ನಿಧಿ ಬೇಡುವುದಿಲ್ಲ.

ದೀಪಾವಳಿ ಕಳೆದ ಮೇಲೆ ಮುಂಬಯಿಯಿಂದ ಫೋನು ಬಂತು: ದೂರು ಬಗೆಹರಿಯಿತೇ, ಏನಾಗಿತ್ತು? ನಾನು ಗಂಟಲು ಕೆರೆದುಕೊಂಡು, ಅಪ್ಪಾಸಾಹೇಬರ ತುಂಬು ಮರಾಠಿಯಲ್ಲಿ, ಧೂಳು ಎಂದೆ. ಸ್ವಂತ ದನಿಯನ್ನು ಆ ವರ್ಷಕ್ಕೆ ಒಂದು ಸಲ ಬಳಸಿ ಆಗಿತ್ತು.