ಸಿದ್ದಯ್ಯ ಕಾರನ್ನು ಅಲ್ಲಾಡಿಸಿ ನೋಡಿದ್ದು

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಸಿದ್ದಯ್ಯನ ಕಿವಿಗೆ ಇದ್ದ ಮರ್ಯಾದೆ ಬೇರೆಯವರ ಕಣ್ಣಿಗೂ ಇರಲಿಲ್ಲ. ನೂಲು ಬಿಚ್ಚುವ ಕಸುಬಿನವನು. ರಾಶಿಗೆ ಕೈ ಹಾಕಿ ಒಂದು ಗೂಡು ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವನು. ಒಳಗೆ ಹುಳ ಲೊಟಲೊಟ ಅಂದರೆ ಮಾಲು ಒಳ್ಳೆಯದು. ಸದ್ದೇ ಇಲ್ಲದಿದ್ದರೆ ಹುಳ ಒಳಗೇ ಸತ್ತು ಕೊಳೆತು ಅಂಟಿಕೊಂಡಿದೆ ಎಂದು ಲೆಕ್ಕ. ಇದನ್ನು ಕೇಳಿ ನಗುವವರು ಮೊದಲು ಒಂದು ಮೂಟೆ ಸತ್ತ ಗೂಡು ಕೊಂಡು ನೋಡಲಿ, ಆಮೇಲೆ ನಗಲಿ. ಆದರೆ ಅವನ ತಾಪತ್ರಯ ಏನೆಂದರೆ, ಈ ಒಂದು ವಿದ್ಯೆಯನ್ನು ಲೋಕಕ್ಕೆಲ್ಲ ಹಚ್ಚುತ್ತಿದ್ದ. ತೆಂಗಿನಕಾಯಿಗೆ ಸರಿ. ಗೋಡೆ ಗಡಿಯಾರಕ್ಕೂ ಅದೇ, ಗ್ಯಾಸ್ ಸ್ಟೌವಿಗೂ ಅದೇ. ಬಾಯಿಬಿಡದೆ ಕೂತ ಮನುಷ್ಯನನ್ನು ಕಂಡರೂ ಅವನಿಗೆ ಅನುಮಾನ.

ಹೆಂಡತಿ ಬೋರಮ್ಮ ಸ್ಕೂಲ್ ಟೀಚರ್. ಮನೆ ಕನಕಪುರದಲ್ಲಿ. ಆ ವರ್ಷ ಅವಳಿಗೆ ಮಾಗಡಿಗೆ ವರ್ಗವಾಯಿತು. ರಾಮನಗರಕ್ಕೆ ಒಂದು ಬಸ್ಸು, ಅಲ್ಲಿಂದ ಮಾಗಡಿಗೆ ಇನ್ನೊಂದು. ಒಂದು ಸಿಕ್ಕಿದ ದಿನ ಇನ್ನೊಂದು ಕಣ್ಣೆದುರೇ ಹೊರಟುಹೋಗುತ್ತಿತ್ತು. ಓಡಾಡಿ ಓಡಾಡಿ ಸಾಕಾಗಿ, ಅವಳು ಮಾಗಡಿಯಲ್ಲಿ ಚಿಕ್ಕಲಕ್ಷ್ಮಮ್ಮ ಎಂಬುವರ ಮನೆಯ ರೂಮೊಂದನ್ನು ನೋಡಿಕೊಂಡು ಬಂದಳು. ವಾರವೆಲ್ಲ ಅಲ್ಲಿ, ಭಾನುವಾರ ಇಲ್ಲಿ. ಅದು ಬೇಡವೆಂದರೆ ಒಂದು ಹಳೇ ಕಾರು ತೆಗೆಯೋಣ, ಓಡಿಸುವುದು ಹೇಗೂ ಕಲಿತಿದ್ದೇನೆ ಅಂದಳು. ಸೋಮವಾರದೊಳಗೆ ರೂಮು ಬೇಕೋ ಬೇಡವೋ ಹೇಳಿಬಿಡಬೇಕಿತ್ತು.

ಸಿದ್ದಯ್ಯನಿಗೆ ಅನ್ನ ಇಳಿಯಲಿಲ್ಲ. ವಾರವೆಲ್ಲ ಅವಳಿಲ್ಲದ ಮನೆ ಅಂದರೆ ಅವನ ಪಾಲಿಗೆ ಸದ್ದಿಲ್ಲದ ಗೂಡು. ಭಾನುವಾರ ಬೆಳಗ್ಗೆಯೇ ಅವಳನ್ನು ಕರೆದುಕೊಂಡು ರಾಮನಗರದ ಗಫಾರನ ಹತ್ತಿರ ಬಂದ. ಗಫಾರ್ ಹಳೇ ಸ್ನೇಹಿತ, ಹಳೇ ಕಾರುಗಳ ವ್ಯಾಪಾರಿ.

ಮೊದಲು ಕಂಡದ್ದು ಕೆಂಪು ಕಾರು. ಫಳಫಳ ಅನ್ನುತ್ತಿತ್ತು. ಬೋರಮ್ಮ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು, ಜ್ವರದ ಮಗುವಿನ ಹಣೆ ಮುಟ್ಟಿದ ಹಾಗೆ. ಬೆಚ್ಚಗಿತ್ತು. ನಾವು ಬರುವ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ, ಬೆಳಗಿನ ಚಳಿಯಲ್ಲಿ ಏಳುವ ಗಾಡಿಯಲ್ಲ ಇದು ಅಂದಳು. ಗಫಾರ್ ತಲೆ ಕೆರೆದುಕೊಂಡ. ಎರಡನೆಯದರ ಕಾಲಡಿಯ ಹಾಸು ಎತ್ತಿದರೆ ಒಣಗಿದ ಕೆಸರಿನ ಗೆರೆ. ಯಾವುದೋ ಮಳೆಗೆ ಮುಳುಗಿ ಎದ್ದ ಕಾರು.

ಮೂರನೆಯದು ಬಿಳಿ ಕಾರು, ಚನ್ನಪಟ್ಟಣದ ಒಬ್ಬ ರಿಟೈರ್ಡ್ ಗುಮಾಸ್ತರದ್ದು. ತಣ್ಣಗಿತ್ತು. ಕೀಲಿ ತಿರುಗಿಸಿದ ತಕ್ಷಣ ಎದ್ದಿತು. ಹೊಗೆಯಿಲ್ಲ. ಟೈರು ನಾಲ್ಕೂ ಒಂದೇ ಸಮ ಸವೆದಿದ್ದವು. ಬೋರಮ್ಮನ ಮುಖ ಅರಳಿತು.

ಸಿದ್ದಯ್ಯ ಇನ್ನೂ ತನ್ನ ಪರೀಕ್ಷೆ ಮಾಡಿರಲಿಲ್ಲ. ಪಂಚೆ ಎತ್ತಿ ಕಟ್ಟಿದ. ಕಾರಿನ ಮಗ್ಗುಲಿಗೆ ನಿಂತು ಎರಡೂ ಕೈಯಲ್ಲಿ ಹಿಡಿದು ತೂಗಿದ. ಬಾಗಿಲೊಳಗಿಂದ ಲೊಟಲೊಟ ಸದ್ದು ಬಂತು. ಅವನಿಗೆ ಸ್ವರ್ಗ ಮೂರೇ ಗೇಣು. ಈ ಕಡೆ ತೂಗಿದ, ಆ ಕಡೆ ಹೋಗಿ ತೂಗಿದ, ಮತ್ತೆ ಬಂದು ಬಾಗಿಲಿಗೆ ಕಿವಿ ಹಚ್ಚಿದ. ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದವರು ಗ್ಲಾಸು ಹಿಡಿದೇ ಎದ್ದು ಬಂದರು.

"ಉಳ ಬದುಕೈತೆ ಕಣಮ್ಮಿ, ಇದೇ ನಮ್ ಕಾರು" ಅಂದ.

ಗಫಾರನಿಗೆ ನಾಚಿಕೆಯಾಯಿತು. ಅಷ್ಟು ಜನರೆದುರು ತನ್ನ ಗಾಡಿ ಲೊಟಗುಟ್ಟಿದರೆ ಅಂಗಡಿಯ ಹೆಸರೇನಾಗಬೇಕು? ಸ್ಕ್ರೂಡ್ರೈವರ್ ತಂದು ಬಾಗಿಲ ಒಳಹಲಗೆ ಬಿಚ್ಚಿ, ಕೈ ತೂರಿಸಿ ಒಂದು ಬಣ್ಣದ ಬುಗುರಿ ತೆಗೆದ. ಗುಮಾಸ್ತರ ಮೊಮ್ಮಗು ಗಾಜಿನ ಸಂದಿಯಲ್ಲಿ ಬೀಳಿಸಿದ್ದಿರಬೇಕು. ಹಲಗೆ ಮುಚ್ಚಿ, ಈಗ ನೋಡಣ್ಣ ಎಂದು ಬೀಗಿದ.

ಸಿದ್ದಯ್ಯ ತೂಗಿದ. ಸದ್ದಿಲ್ಲ. ಇನ್ನೂ ಜೋರಾಗಿ ತೂಗಿದ. ಇಲ್ಲ.

"ಸಾಯ್ಸ್‌ಬುಟ್ಟಲ್ಲೋ ಗಫಾರಾ" ಅಂದ.

"ಅಣ್ಣಾ, ಅದು ಬುಗುರಿ ಕಣಣ್ಣ."

"ಬುಗುರಿಯೋ ಗಿಗುರಿಯೋ, ಈಗ ಈ ಗಾಡಿ ಬ್ಯಾಡ ನಂಗೆ."

ಬೇಕಾದರೆ ಬುಗುರಿ ವಾಪಸ್ ಹಾಕಿಕೊಡುತ್ತೇನೆ ಎಂದು ಗಫಾರ್ ಬೇಡಿಕೊಂಡ. ಟೀ ಅಂಗಡಿಯಿಂದ ಬಂದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬೋರಮ್ಮ ಹೋಗಿ ಸ್ಟೇರಿಂಗ್ ಮುಂದೆ ಕೂತಳು.

"ನಾನು ಮಾಗಡಿಗೆ ಹೋಗ್ತೀನಿ. ಈ ಕಾರು ತಲುಪಿದ್ರೆ ಕಾರು, ಇಲ್ದಿದ್ರೆ ಅಲ್ಲೇ ರೂಮಿಗೆ ಅಡ್ವಾನ್ಸ್ ಕೊಡ್ತೀನಿ. ಬತ್ತೀರೋ, ಇಲ್ಲೇ ನಿಂತು ಅಲ್ಲಾಡ್ಸ್‌ತೀರೋ?"

ರೂಮು ಎಂಬ ಮಾತು ಕೇಳಿದ್ದೇ ಸಿದ್ದಯ್ಯ ಹಾರಿ ಕೂತ. ಗಫಾರ್ ಹಿಂದೆ ತೂರಿಕೊಂಡ.

ಊರು ದಾಟುವವರೆಗೂ ಸಿದ್ದಯ್ಯ ಡ್ಯಾಶ್‌ಬೋರ್ಡಿಗೆ ಕಿವಿ ಕೊಟ್ಟು, ಸಾವಿನ ಮನೆಗೆ ಬಂದವನಂತೆ ಕೂತಿದ್ದ. ಬಂಡೆಗಳ ನಡುವಿನ ಏರು ಬಂತು. ಈಗ ನಿಲ್ಲುತ್ತೆ ಅಂದ. ನಿಲ್ಲಲಿಲ್ಲ. ತಿರುವು ಬಂತು, ಕುರಿಮಂದೆ ಅಡ್ಡ ಬಂತು, ಬೋರಮ್ಮ ನಿಲ್ಲಿಸಿ ಮತ್ತೆ ಎತ್ತಿದಳು. ಗಾಡಿ ಬೆಣ್ಣೆಯ ಹಾಗೆ ಹೊರಟಿತು. ಮುಂದೆ ದಾರಿಯಲ್ಲಿ ಅವಳನ್ನು ದಿನಾ ಬಿಟ್ಟು ಓಡುತ್ತಿದ್ದ ಮಾಗಡಿ ಬಸ್ಸೇ ಸಿಕ್ಕಿತು. ಅವಳು ಹಾರ್ನ್ ಒತ್ತಿ ಅದನ್ನು ಹಿಂದೆ ಹಾಕಿದಳು ನೋಡಿ, ಸಿದ್ದಯ್ಯ ಅರ್ಧ ಮೈ ಕಿಟಕಿಯಿಂದಾಚೆ ಹಾಕಿ ಕಂಡಕ್ಟರನಿಗೆ ಟವೆಲ್ ಬೀಸಿದ. ಗಫಾರ್ ಅವನ ಅಂಗಿ ಹಿಡಿದು ಒಳಗೆಳೆಯಬೇಕಾಯಿತು. ಇನ್ನೊಂದು ಬಸ್ಸು ಐತಾ ನೋಡಮ್ಮಿ ಎಂದು ಅವನು ದಾರಿಯುದ್ದಕ್ಕೂ ಕೇಳುತ್ತಲೇ ಇದ್ದ.

ಮಾಗಡಿಯಲ್ಲಿ ಕಾರು ಚಿಕ್ಕಲಕ್ಷ್ಮಮ್ಮನವರ ಮನೆ ಮುಂದೆ ನಿಂತಿತು. ಆಕೆ ರೂಮಿನ ಬೀಗದಕೈ ಹಿಡಿದೇ ಹೊರಗೆ ಬಂದರು. ಬೋರಮ್ಮ ಬೆಲ್ಟು ಬಿಚ್ಚುವಷ್ಟರಲ್ಲಿ ಸಿದ್ದಯ್ಯ ಬಾಗಿಲು ತೆರೆದು ಇಳಿದು, ಕೈ ಮುಗಿದು ಹೇಳಿಯೇಬಿಟ್ಟ.

"ಬ್ಯಾಡ ಕಣವ್ವಾ ರೂಮು. ನಮ್ಮೋಳು ದಿನಾ ಮನೆಗೆ ಬತ್ತಾಳೆ. ಕಾರು ತಗೊಂಡ್ಬುಟ್ಟೋ."

ಬೋರಮ್ಮ ಹಣೆ ಚಚ್ಚಿಕೊಂಡಳು. ಗಫಾರ್ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಒರಗಿದ.

"ರೇಟ್ ಇನ್ನೂ ಮಾತಾಡಿಲ್ಲ ಕಣಣ್ಣ" ಅಂದ, ಮೆತ್ತಗೆ.

ಗೂಡಿನ ಹರಾಜಿನಲ್ಲಿ ಎಂಟಾಣೆಗೆ ಅರ್ಧ ಗಂಟೆ ಹೊಡೆದಾಡುವ ಸಿದ್ದಯ್ಯ ವಾಪಸ್ ಬಂದು ಹೆಂಡತಿಯ ಪಕ್ಕ ಕೂತು, ಬಾಗಿಲು ಎಳೆದುಕೊಂಡ.

"ದಾರೀಲಿ ಹೇಳ್ಕೊಳ್ಳಯ್ಯಾ. ನಡಿಯಮ್ಮಿ, ಮನೆಗೋಗವಾ."